ಪುಸ್ತಕ ಮುಚ್ಚಿ ಹೇಳು, ಮಗು

ಸಂಜೆ ದೀಪ ಹಚ್ಚುವ ಹೊತ್ತಿಗೆ ಅನೇಕ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ‘ನಿನಗೆ ಗೊತ್ತಾಗಲ್ಲ ಬಿಡಮ್ಮ.’ ಮಕ್ಕಳಾಡುವ ಈ ಮಾತಿನಲ್ಲಿ ತಿರಸ್ಕಾರವೇನೂ ಇರಲಾರದು. ಆದರೆ ಅದನ್ನು ಕೇಳಿದ ತಾಯಿ ಅಂದಿನಿಂದ ಪುಸ್ತಕದ ಹತ್ತಿರ ಸುಳಿಯುವುದನ್ನೇ ಬಿಟ್ಟುಬಿಡುತ್ತಾಳೆ. ತಾನು ಓದಿದ್ದು ನಾಲ್ಕನೆಯ ಇಯತ್ತೆ. ಮಗ ಓದುವುದು ಇಂಗ್ಲಿಷ್ ಮಾಧ್ಯಮ. ತನ್ನಿಂದೇನಾದೀತು ಎಂದು ಅವಳು ಅಡುಗೆಮನೆ ಸೇರುತ್ತಾಳೆ. ಟ್ಯೂಷನ್ನಿಗೆ ಹಣ ಹೊಂದಿಸಿದಲ್ಲಿಗೆ ತನ್ನ ಕರ್ತವ್ಯ ಮುಗಿಯಿತೆಂದು ತಂದೆಯೂ ಸುಮ್ಮನಾಗುತ್ತಾನೆ.

ತಪ್ಪಿರುವುದು ತಾಯಿಯ ವಿದ್ಯೆಯಲ್ಲಲ್ಲ. ಪಾಠ ಬಲ್ಲವರು ಮಾತ್ರ ಮಗುವಿಗೆ ನೆರವಾಗಬಲ್ಲರೆಂಬ ನಂಬಿಕೆಯಲ್ಲಿ.

ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ ಮರೆವಿನ ಲೆಕ್ಕವಿಟ್ಟ. 1885ರಲ್ಲಿ ಅವನು ಪ್ರಕಟಿಸಿದಂತೆ, ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ವೇಗವಾಗಿ ಮರೆಯುತ್ತದೆ. ಆಮೇಲೆ ಮರೆವು ನಿಧಾನವಾಗುತ್ತದೆ.

ಇದಕ್ಕೆ ಮದ್ದೇನು? ಮತ್ತೆ ಮತ್ತೆ ಓದುವುದೆಂದು ಎಲ್ಲರೂ ಹೇಳುತ್ತಾರೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಇದನ್ನು ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳು ಒಮ್ಮೆ ಒಂದು ಪಾಠವನ್ನು ಎರಡು ಸಲ ಓದಿದರು. ಇನ್ನೊಂದನ್ನು ಒಂದೇ ಸಲ ಓದಿ, ಹಾಳೆ ಮುಚ್ಚಿ, ನೆನಪಿನಿಂದ ಬರೆದರು. ಐದು ನಿಮಿಷದ ಬಳಿಕ ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರ ಕಳೆದಾಗ ತಕ್ಕಡಿ ತಿರುಗಿತು: ನೆನಪಿನಿಂದ ಬರೆದದ್ದರಲ್ಲಿ ನೂರಕ್ಕೆ 56 ಭಾಗ ಉಳಿದಿತ್ತು, ಎರಡು ಸಲ ಓದಿದ್ದರಲ್ಲಿ 42 ಮಾತ್ರ.

ಸಂಜೆ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ ಕೂಲಿಮಠದ ಐಗಳಿಗೆ ಇದರ ಅರ್ಧ ತಿಳಿದಿತ್ತು. ಉಳಿದರ್ಧ, ಸ್ವಂತ ಮಾತಿನಲ್ಲಿ ಹೇಳಿಸುವುದು. ಅದಕ್ಕೆ ಬೇಕಾದದ್ದು ಒಬ್ಬ ಪಂಡಿತನಲ್ಲ, ಕೇಳುವ ಒಂದು ಕಿವಿ.

ಬೀಡಿ ಕಟ್ಟುತ್ತ ಕುಳಿತ ತಾಯಿಯೂ ಇದನ್ನು ಮಾಡಬಲ್ಲಳು. ‘ಗಿಡ ಬಿಸಿಲಿನಿಂದ ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ’ ಎಂದು ಮಗಳು ಹೇಳುತ್ತಾಳೆ. ‘ಹಾಗಾದರೆ ರಾತ್ರಿ ಏನು ಮಾಡುತ್ತದೆ?’ ಎಂದು ತಾಯಿ ಕೇಳುತ್ತಾಳೆ. ಮಗಳು ತಡವರಿಸಿ ಪುಸ್ತಕ ತೆರೆಯುತ್ತಾಳೆ. ಆ ತಡವರಿಕೆಯಲ್ಲೇ ಕಲಿಕೆಯಿದೆ. ಬಾರದ್ದನ್ನು ಬಂದಿದೆಯೆಂದು ತಿಳಿದಿದ್ದ ಭ್ರಮೆ ಪರೀಕ್ಷೆಯ ಕೊಠಡಿಯಲ್ಲಿ ಒಡೆಯುವ ಬದಲು ಮನೆಯ ಜಗಲಿಯಲ್ಲೇ ಒಡೆಯಿತು. ಇಂಗ್ಲಿಷ್ ಪಾಠವನ್ನು ಮನೆಮಾತಿನಲ್ಲಿ ಹೇಳಬಲ್ಲ ಮಗುವಿಗೆ ಅರ್ಥವಾಗಿದೆಯೆಂದೇ ಲೆಕ್ಕ.

ದಿನಕ್ಕೆ ಹದಿನೈದು ನಿಮಿಷ ಸಾಕು. ಆ ಹೊತ್ತು ಟಿ.ವಿ., ಮೊಬೈಲುಗಳು ಮಾತಾಡಬಾರದು. ಅಪ್ಪ ಅಮ್ಮಂದಿರದ್ದೂ ಸೇರಿ. ಮಗು ತಡೆದಾಗ ಉತ್ತರ ತುರುಕಬಾರದು, ಪಕ್ಕದ ಮನೆಯವರ ಅಂಕಗಳನ್ನು ಎಳೆದು ತರಬಾರದು. ಇಂದು ಕೇಳಿದ್ದನ್ನು ಮೂರು ದಿನ ಬಿಟ್ಟು ಇನ್ನೊಮ್ಮೆ ಕೇಳಿದರೆ ಬೇರು ಇನ್ನೂ ಆಳಕ್ಕಿಳಿಯುತ್ತದೆ.

ಇದರಿಂದ ಎಲ್ಲವೂ ಬಗೆಹರಿಯದು. ಬೀಜಗಣಿತದ ಗಂಟು ಮೇಷ್ಟರೇ ಬಿಡಿಸಬೇಕಾದದ್ದು. ಆಗಲೂ ಓದು ಬಾರದ ತಾಯಿ ಹೇಳಬಹುದಾದ ಮಾತೊಂದಿದೆ: ‘ನಾಳೆ ಮೇಷ್ಟರನ್ನು ಕೇಳು. ಕೇಳಿಕೊಂಡು ಬಂದು ನನಗೂ ಹೇಳು.’