ಪಾಪಾಸುಕಳ್ಳಿಯ ಗುರುತು

ವಸ್ತುವಿನ ಹೆಸರನ್ನು ಬಲ್ಲವನು ವಸ್ತುವನ್ನೇ ಬಲ್ಲನೆಂಬ ಭ್ರಮೆಯು ಪಾಠಶಾಲೆಯಲ್ಲಿ ಓದಿದ ನನ್ನಂಥವರಿಗೆ ಬಹು ಬೇಗ ಅಂಟಿಕೊಳ್ಳುತ್ತದೆ. ಅಮರಕೋಶದ ವನೌಷಧಿವರ್ಗವನ್ನು ಹನ್ನೆರಡನೆಯ ವಯಸ್ಸಿಗೇ ಗುರುಗಳ ಮುಂದೆ ಒಪ್ಪಿಸಿದ್ದ ನಾನು, ಅದರಲ್ಲಿ ಬರುವ ಗಿಡಗಳ ಪೈಕಿ ಹತ್ತನ್ನಾದರೂ ಬೇಲಿಯಲ್ಲಿ ತೋರಿಸಲಾರದವನಾಗಿದ್ದೆನು. ಈ ಅಜ್ಞಾನಕ್ಕೆ ತೆರಬೇಕಾಗಿದ್ದ ದಂಡವನ್ನು ನಾನು ತೆರಲಿಲ್ಲ. ಒಬ್ಬ ಬಾಲಕನು ತೆತ್ತನು. ಆ ಸಂಗತಿಯನ್ನು ವಾಚಕರಲ್ಲಿ ನಿವೇದಿಸಿಕೊಂಡು, ತರುವಾಯ ನಾನು ಕಲಿತ ಕೆಲವು ಗುರುತುಗಳನ್ನು ಹೇಳುವೆನು.

1985ರಲ್ಲಿ ನಾನು ಚಿತ್ರದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ಉಪಾಧ್ಯಾಯನಾಗಿದ್ದೆನು. ಗಿಡಮರಗಳ ಪಾಠ ಬಂದಿತು. "ನಮ್ಮ ಪಾಪಾಸುಕಳ್ಳಿಯೇ ಸಂಸ್ಕೃತದ ಸ್ನುಹಿ, ಕಳ್ಳಿಗಳೆಲ್ಲವೂ ಒಂದೇ ಕುಲ. ನಾಳೆ ಒಬ್ಬೊಬ್ಬರೂ ಒಂದೊಂದು ಕಳ್ಳಿಯ ತುಂಡನ್ನು ತನ್ನಿರಿ" ಎಂದು ಅಪ್ಪಣೆ ಮಾಡಿದೆನು. ಮಕ್ಕಳಿಗೆ ಪಾಪಾಸುಕಳ್ಳಿಯ ಭಯವಿರಲಿಲ್ಲ. ಅದರ ಹಣ್ಣನ್ನು ನೆಲಕ್ಕೆ ಉಜ್ಜಿ, ಸುಂಕನ್ನು ಕಳೆದು ತಿಂದು, ನಾಲಿಗೆಯನ್ನು ಕೆಂಪಾಗಿಸಿಕೊಂಡು ಬರುವುದು ಅವರ ನಿತ್ಯದ ವಿನೋದವಾಗಿತ್ತು. ಪಟ್ಟಣದಿಂದ ಅಜ್ಜಿಯ ಮನೆಗೆ ಹೊಸದಾಗಿ ಬಂದಿದ್ದ ಹುಡುಗನೊಬ್ಬನು ನನ್ನ ಮಾತನ್ನು ನಂಬಿ, ಇದೂ ಕಳ್ಳಿಯೇ ಅಲ್ಲವೆ ಎಂದು, ಮುಂಡುಗಳ್ಳಿಯ ಕೊಂಬೆಯನ್ನು ಮುರಿದನು. ಹಾಲು ಸಿಡಿದು ಕಣ್ಣಿಗೆ ಬಿದ್ದಿತು. ಎಂಟು ದಿನ ಕಣ್ಣಿಗೆ ಬಟ್ಟೆ ಕಟ್ಟಿ ಕುಳಿತಿದ್ದನು. ದೃಷ್ಟಿ ಉಳಿಯಿತೆಂಬುದು ದೈವಕೃಪೆ, ವೈದ್ಯರ ಶ್ರಮ. ನನ್ನ ಪುಣ್ಯವೇನೂ ಅಲ್ಲ.

ನೋಡಲು ಹೋದಾಗ ಅಜ್ಜಿಯು ಬೈಯಲಿಲ್ಲ. "ಯಾವ ಕಳ್ಳಿಗೆ ಹಾಲು, ಯಾವ ಕಳ್ಳಿಗೆ ನೀರು ಅಂತ ಕುರಿ ಕಾಯೋ ಹುಡುಗರಿಗೂ ಗೊತ್ತು ಮೇಷ್ಟ್ರೇ. ನಿಮ್ಮ ಪುಸ್ತಕದಾಗೆ ಬರೆದಿಲ್ವಾ?" ಎಂದು ಮಾತ್ರ ಕೇಳಿದಳು.

ಬರೆದಿತ್ತು. ಅಮರಸಿಂಹನು ಸ್ನುಹಿಗೆ ಕೊಟ್ಟ ಹೆಸರುಗಳಲ್ಲಿ 'ಸಮಂತದುಗ್ಧಾ' ಎಂಬುದೊಂದು. ಎಲ್ಲೆಲ್ಲಿಯೂ ಹಾಲುಳ್ಳದ್ದು ಎಂದು ಅದರ ಅರ್ಥ. ಗುರುತನ್ನು ಹೆಸರಿನಲ್ಲಿಯೇ ಇಟ್ಟಿದ್ದನು. ನಾನು ಸ್ವರ ತಪ್ಪದಂತೆ ಒಪ್ಪಿಸಿದ್ದೆನೇ ಹೊರತು ಅರ್ಥವನ್ನು ಗಿಡದ ಬಳಿಗೆ ಒಯ್ದಿರಲಿಲ್ಲ. ಆ ರಾತ್ರಿ ನಾನು ಪಟ್ಟ ನಾಚಿಕೆಯು ಈಗಲೂ ಪೂರ್ತಿ ಆರಿಲ್ಲ.

ಅಂದಿನಿಂದ ಬೇಲಿಬೇಲಿಯ ಬಳಿ ನಿಂತು ನೋಡುವ ಅಭ್ಯಾಸವಾಯಿತು. ಎಲೆಗಳ್ಳಿ, ಮುಂಡುಗಳ್ಳಿ, ಬೊಂತೆಗಳ್ಳಿ ಇವೆಲ್ಲ ಒಂದು ವಂಶ. ಗಾಯವಾದರೆ ಹಾಲು ಸುರಿಸುವುವು. ಪಾಪಾಸುಕಳ್ಳಿಯದು ಬೇರೆಯ ವಂಶ. ಅದರಲ್ಲಿ ಬರುವುದು ಲೋಳೆಯಾದ ನೀರು. ಇದರ ತವರು ಅಮೆರಿಕಾ ಖಂಡ. ಐರೋಪ್ಯರ ಹಡಗುಗಳು ಬರುವ ಮುಂಚೆ ನಮ್ಮಲ್ಲಿ ಇರಲಿಲ್ಲ. ಆದಕಾರಣ ಪ್ರಾಚೀನ ಕೋಶಗಳಲ್ಲಿ ಇದನ್ನು ಹುಡುಕುವುದೇ ವ್ಯರ್ಥ. ಪಾಪಾಸೆಂದರೆ ಪಾದರಕ್ಷೆ, ಅಟ್ಟೆಯಂತೆ ಚಪ್ಪಟೆಯಾಗಿರುವ ಈ ಗಿಡಕ್ಕೆ ನಮ್ಮ ಜನರಿಟ್ಟ ಹೆಸರು ಕೋಶದ ಯಾವ ಹೆಸರಿಗೂ ಕಡಿಮೆಯದಲ್ಲ. ಆ ಅಟ್ಟೆಯು ಎಲೆಯಲ್ಲ, ಕಾಂಡ. ನಿಜವಾದ ಎಲೆಗಳು ಎಳೆಯ ಅಟ್ಟೆಯ ಮೇಲೆ ಸಣ್ಣ ಮೊಳೆಗಳಂತೆ ಮೂಡಿ, ಕೆಲವೇ ದಿನಗಳಲ್ಲಿ ಉದುರಿಹೋಗುತ್ತವೆ. ಅಟ್ಟೆಯ ಮೇಲಿನ ಒಂದೊಂದು ಚುಕ್ಕೆಯೂ ಒಂದು ಸಣ್ಣ ಮೆತ್ತೆ. ದೊಡ್ಡ ಮುಳ್ಳುಗಳೂ ಕಣ್ಣಿಗೆ ಕಾಣದಷ್ಟು ನವಿರಾದ ಸುಂಕೂ ಅದರಿಂದಲೇ ಹೊರಡುತ್ತವೆ.

ಪಾಪಾಸುಕಳ್ಳಿಯಲ್ಲಿಯೂ ಭೇದಗಳುಂಟು. ನಮ್ಮ ಬಯಲುಸೀಮೆಯಲ್ಲಿ ಕಾಣುವ 'ಡಿಲ್ಲೇನಿಯೈ' ಎಂಬುದು ಪೊದೆಯಾಗಿ ಹಬ್ಬುತ್ತದೆ. ಅಟ್ಟೆಗೆ ನೀಲಿಯ ಛಾಯೆಯುಂಟು. ಮುಳ್ಳು ಹಳದಿ, ಚಪ್ಪಟೆ, ತುಸು ಬಾಗಿದುದು. ಹೂವು ನಿಂಬೆಯ ಬಣ್ಣ. 'ಎಲಾಟಿಯರ್' ಎಂಬುದರ ಮುಳ್ಳು ಕಂದು, ದುಂಡು. ಅರಳಿದ ಹೂವಿನೊಳಗೆ ಕೇಸರದ ಎಳೆಗಳು ಕೆಂಪು. 'ಮೊನಕ್ಯಾಂಥ' ಎಂಬುದು ಎತ್ತರವಾಗಿ ಬೆಳೆದು ತುದಿಯಲ್ಲಿ ಜೋಲುತ್ತದೆ. ಅಟ್ಟೆ ತೆಳು, ಹೊಳೆಯುವ ಹಸುರು. ಚುಕ್ಕೆಗೆ ಒಂದೋ ಎರಡೋ ಮುಳ್ಳು. ಗ್ರೀಕ್ ಭಾಷೆಯ ಆ ಹೆಸರಿಗೆ ಏಕಕಂಟಕವೆಂದೇ ಅರ್ಥ. ಅಲ್ಲಿಯೂ ಹೆಸರಿನೊಳಗೆ ಗುರುತು ಕುಳಿತಿದೆ.

ಇಷ್ಟು ಸೂಕ್ಷ್ಮವೇಕೆಂದು ವಾಚಕರು ಕೇಳಬಹುದು. ಗುರುತು ತಪ್ಪಿದುದರ ಫಲವನ್ನು ಈಸ್ಟ್ ಇಂಡಿಯಾ ಕಂಪನಿಯವರೂ ಉಂಡರು. ಈ ಕಳ್ಳಿಗಳ ಮೇಲೆ ಬಿಳಿಯ ಅರಳೆಯನ್ನು ಹೊದ್ದು ಬದುಕುವ ಒಂದು ಬಗೆಯ ಹುಳುಗಳಿವೆ; ಒರಸಿದರೆ ಬೆರಳು ಕೆಂಪಾಗುತ್ತದೆ. ಅವುಗಳಲ್ಲಿ ಮೆಕ್ಸಿಕೋದೇಶದ ಒಂದರಿಂದ ಬೆಲೆಬಾಳುವ ಬಣ್ಣ ಸಿಕ್ಕುತ್ತಿತ್ತು. ಅದೇ ಇದೆಂದು ಬಗೆದು 1795ರಲ್ಲಿ ಬ್ರೆಜಿಲ್ ದೇಶದಿಂದ ಕಲ್ಕತ್ತೆಗೆ ತಂದ ಹುಳುವು ಬೇರೆಯ ಜಾತಿಯದಾಯಿತು. ಬಣ್ಣದ ಆಸೆ ಕೈಗೂಡಲಿಲ್ಲ. ಆದರೆ ಹುಳುವು ಏಕಕಂಟಕವನ್ನು ಮೇದು ಉತ್ತರ ಭಾರತದಲ್ಲಿ ಬಹುಮಟ್ಟಿಗೆ ಇಲ್ಲವಾಗಿಸಿತು. 1836ರಿಂದ 1838ರೊಳಗೆ ಅದನ್ನು ದಕ್ಷಿಣಕ್ಕೂ ತಂದರು. ಇಲ್ಲಿಯೂ ಏಕಕಂಟಕವನ್ನು ತಿಂದಿತು. ಪಕ್ಕದಲ್ಲಿದ್ದ ಹಳದಿ ಮುಳ್ಳಿನ ಡಿಲ್ಲೇನಿಯೈ ಮಾತ್ರ ಅದಕ್ಕೆ ಜಗ್ಗದೆ ಹೊಲಗದ್ದೆಗಳನ್ನು ಮುಚ್ಚಿ ನಿಂತಿತು. 1926ರಲ್ಲಿ ಸಿಂಹಳದಿಂದ ಮತ್ತೊಂದು ಜಾತಿಯ ಹುಳುವನ್ನು ತಂದಮೇಲೆ ಅದೂ ಕೆಲವೇ ವರ್ಷಗಳಲ್ಲಿ ಕುಸಿಯಿತು. ಅಕ್ಷರವರಿಯದ ಹುಳುವು ಒಂದನ್ನು ತಿಂದು ಇನ್ನೊಂದನ್ನು ಬಿಟ್ಟಿತು. ಅಮರಕೋಶ ಕಲಿತ ನಾನು ಹಾಲನ್ನೂ ನೀರನ್ನೂ ಒಂದೆಂದೆನು.

ಹೋದ ವರ್ಷ ಆ ಹಳ್ಳಿಗೆ ಹೋಗುವ ಪ್ರಸಂಗ ಬಂದಿತು. ಅಂದಿನ ಹುಡುಗನು ಈಗ ಅಜ್ಜಿಯ ಹೊಲವನ್ನೇ ಮಾಡಿಕೊಂಡು ಬಾಳುತ್ತಿರುವ, ಐವತ್ತು ತುಂಬಿದ ಗೃಹಸ್ಥ. ಕೈಕಾಲು ತೊಳೆಯಲು ನೀರು ಕೊಟ್ಟು ಉಪಚರಿಸಿ, ಹಿತ್ತಲಿನಿಂದ ಅಗಲವಾದ ಒಂದು ಅಟ್ಟೆಯನ್ನು ತಂದು ಮುಂದಿಟ್ಟನು.

"ದನಕ್ಕೆ ಮೇವಾಗುತ್ತೆ ಅಂತ ನೆಂಟರು ಕೊಟ್ಟರು, ಮೇಷ್ಟ್ರೇ. ಮುಳ್ಳೇ ಇಲ್ಲ. ಇದು ಯಾವ ಕಳ್ಳಿ?"

ಕತ್ತಿಯನ್ನು ಕೇಳಿ ತೆಗೆದುಕೊಂಡೆನು. ಅಲಗು ತಾಗುವ ಮುನ್ನವೇ ಅವನು ಮುಖವನ್ನು ಅತ್ತ ತಿರುಗಿಸಿ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡನು. ನಾಲ್ವತ್ತು ವರ್ಷಗಳಾಗುತ್ತ ಬಂದರೂ ಆ ಕಣ್ಣು ಮರೆತಿರಲಿಲ್ಲ. ನನ್ನ ಕೈ ಒಂದು ಕ್ಷಣ ತಡೆಯಿತು. ಆಮೇಲೆ ಕೊಯ್ದೆನು.

"ಕಣ್ಣು ಬಿಡು ಮಗು, ಬರೀ ನೀರು" ಎಂದೆನು.

ಅವನು ನೋಡಿ ನಕ್ಕನು. ಆಗ ಅಟ್ಟೆಯ ಚುಕ್ಕೆಗಳನ್ನು ತೋರಿಸಿ, ದೊಡ್ಡ ಮುಳ್ಳಿಲ್ಲದಿದ್ದರೂ ಅವುಗಳಲ್ಲಿ ಸುಂಕು ಅಡಗಿರಬಹುದು, ಬರಿಗೈಯಲ್ಲಿ ಮುಟ್ಟಬಾರದು ಎಂದು ಎಚ್ಚರ ಹೇಳಿದೆನು. ಅದರ ಹೆಸರು 'ಫೈಕಸ್ ಇಂಡಿಕ', ಹೆಸರಿನಲ್ಲಿ ಇಂಡಿಯಾ ಇದ್ದರೂ ತವರು ಮೆಕ್ಸಿಕೋ ಎಂಬುದನ್ನು ಎಲ್ಲಕ್ಕಿಂತ ಕೊನೆಗೆ ಹೇಳಿದೆನು.