ಮಗ್ಗುಲು ಬದಲಿಸಿ

ಮೆಗ್ಗಾನ್ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಭದ್ರಾವತಿಯ ಮನೆಗೆ ಬರುವ ಲಕ್ವದ ರೋಗಿಗೆ, ಸೊಂಟ ಮುರಿದ ಅಜ್ಜಿಗೆ ಔಷಧಿಯಷ್ಟೇ ಮುಖ್ಯ ಹಾಸಿಗೆ. ಏರ್ ಬೆಡ್‌ನ ಗುಳ್ಳೆಗಳು ಪಂಪ್‌ನ ಗಾಳಿಯಿಂದ ಸರದಿಯಲ್ಲಿ ಉಬ್ಬಿ ಇಳಿಯುತ್ತವೆ. ಮೈಯ ಭಾರ ಒಂದೇ ಕಡೆ ನಿಂತು ಹಾಸಿಗೆ ಹುಣ್ಣಾಗದಂತೆ ತಡೆಯಲು ಇದು ನೆರವಾಗುತ್ತದೆ. ಆದರೆ ಪಂಪ್ ಹಾಕಿದ ಮಾತ್ರಕ್ಕೆ ನಮ್ಮ ಕೆಲಸ ಮುಗಿಯಲಿಲ್ಲ. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೀನಖಂಡದ ಕೆಳಗೆ ದಿಂಬಿಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿ. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದೇ ಕಷ್ಟ. ಆದರೂ ಅರೆ ಒದ್ದೆ ಬೆಡ್‌ಶೀಟ್ ಹಾಸಲೇಬೇಡಿ. ದಿನಾ ಮೈ ಒರೆಸುವಾಗ ಸೊಂಟದ ಕೆಳಭಾಗ, ಹಿಮ್ಮಡಿ ಗಮನಿಸಿ. ಕೆಂಪಾದ ಜಾಗ ಒತ್ತಿದರೂ ಬಣ್ಣ ಬದಲಾಗದಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಗುಣವಾದ ಮೇಲೆ ಏರ್ ಬೆಡ್ ಅಟ್ಟಕ್ಕೇರಿಸಬೇಡಿ. ಒರೆಸಿ, ಒಣಗಿಸಿ, ಬೇಕಾದ ಇನ್ನೊಂದು ಮನೆಗೆ ಕೊಡಿ.