ಓವರಿನ ನಡುವಿನ ನಿಮಿಷ

ನನಗೆ ಕ್ರಿಕೆಟ್ ಹುಚ್ಚು ಎಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಇವತ್ತಿಗೂ ನಗುತ್ತಾರೆ. ಹುಮನಾಬಾದಿನ ಮನೆಯ ಪಡಸಾಲೆಯಲ್ಲಿ ಅಪ್ಪನ ರೇಡಿಯೋದಿಂದ ಹತ್ತಿದ ಹುಚ್ಚು ಅದು. ಹಿಂದಿಯ ವೀಕ್ಷಕ ವಿವರಣೆ, ಓವರ್ ಮುಗಿದ ಮೇಲೆ ಒಂದಿಷ್ಟು ಬಿಡುವು. ಬಾಯಿಬಿಟ್ಟು ಮಾತಾಡದ ಅಪ್ಪ ಆ ಬಿಡುವಿನಲ್ಲೇ ನನ್ನೊಡನೆ ಮಾತಾಡುತ್ತಿದ್ದರು.

1987ರ ನವೆಂಬರ್ 5. ರಿಲಯನ್ಸ್ ಕಪ್ಪಿನ ಸೆಮಿಫೈನಲ್, ಮುಂಬಯಿಯಲ್ಲಿ. ಗೂಚ್ ಸ್ವೀಪ್ ಹೊಡೆದೂ ಹೊಡೆದೂ 115 ರನ್ ಗಳಿಸಿದ. ಅಪ್ಪ ಅರ್ಧ ದಿನ ರಜೆ ಹಾಕಿ ಕೂತಿದ್ದರು. ಒಂದು ಓವರ್ ಮುಗಿಯಿತು. ರೇಡಿಯೋದ ಮೇಲಿನ ಕಣ್ಣು ತೆಗೆಯದೆ, "ಗುಲ್ಬರ್ಗಾಕ್ಕೆ ಹೋಗಿ ಬಿ.ಎ. ಓದ್ತೀಯೇನವ್ವ?" ಎಂದರು. ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿದ್ದ ಕಾಲ. "ಹೂಂ ಅಪ್ಪ" ಎಂದೆ. ಮುಂದಿನ ಚೆಂಡು ಬಿತ್ತು. ಭಾರತ ಸೋತಿತು, ನನ್ನ ಓದು ಗೆದ್ದಿತು.

ಈಗ ನಾನು ಬಸವಕಲ್ಯಾಣದಲ್ಲಿ ಟೀಚರು. ಶನಿವಾರ ಶಾಲೆ ಬಿಟ್ಟೊಡನೆ ಬಸ್ಸು ಹಿಡಿದು ಅಪ್ಪನ ಹತ್ತಿರ ಹೋಗುತ್ತೇನೆ. ಎಂಬತ್ತು ದಾಟಿದ ಜೀವ, ಕಿವಿ ಮಂದ. ಇಬ್ಬರೂ ಟೀವಿಯ ಮುಂದೆ ಕೂರುತ್ತೇವೆ. ಆದರೆ ಆ ಬಿಡುವೆಲ್ಲಿ? ಆರನೆಯ ಚೆಂಡು ಕೀಪರನ ಕೈ ಸೇರುವುದರೊಳಗೆ ಜಾಹೀರಾತು ಬಂದಿರುತ್ತದೆ. ವಿಕೆಟ್ ಬಿದ್ದರೆ ಸಿಮೆಂಟು, ಬೌಂಡರಿಗೆ ಪಾನ್ ಮಸಾಲೆ. ಹಣ ಹೂಡುವ ಆಟಗಳ ಕೂಗಾಟ ಮಾತ್ರ 2025ರ ಕಾನೂನಿನಿಂದ ನಿಂತಿತು, ನನ್ನ ಹತ್ತನೇ ಇಯತ್ತೆಯ ಹುಡುಗರ ಪುಣ್ಯ! ಸಾಲದ್ದಕ್ಕೆ ಐಪಿಎಲ್‌ನಲ್ಲಿ 2009ರಿಂದ 'ಟೈಮ್ ಔಟ್' ಬೇರೆ. ಮೊದಲು ಇನಿಂಗ್ಸಿಗೊಂದು, ಏಳೂವರೆ ನಿಮಿಷ. ಈಗ ಇನಿಂಗ್ಸಿಗೆ ಎರಡು, ಎರಡೂವರೆ ನಿಮಿಷದ್ದು. ಆಟಗಾರರು ನೀರು ಕುಡಿಯುತ್ತಾರೆ, ನಾವು ಜಾಹೀರಾತು ಕುಡಿಯುತ್ತೇವೆ.

ಪಂದ್ಯಗಳೋ, 2008ರಲ್ಲಿ ಅರವತ್ತರೊಳಗಿದ್ದವು 2022ರ ಹೊತ್ತಿಗೆ 74 ಆದವು. ನಮ್ಮ ವೀರಭದ್ರೇಶ್ವರ ಜಾತ್ರೆ ವರ್ಷಕ್ಕೊಮ್ಮೆ ಜನವರಿಯಲ್ಲಿ. ಎರಡು ತಿಂಗಳು ದಿನಾ ಸಂಜೆ ತೇರೆಳೆದರೆ ಬೆಂಡು ಬತ್ತಾಸು ಯಾರಿಗೆ ರುಚಿಸೀತು? ನಿನ್ನೆ ಗೆದ್ದವರು ಯಾರೆಂದು ಅಪ್ಪನನ್ನು ಕೇಳಿದರೆ, "ಯಾರೋ ಗೆದ್ದರವ್ವ" ಎನ್ನುತ್ತಾರೆ. ಹಳೆಯ ಪಂದ್ಯಗಳ ಸ್ಕೋರನ್ನು ಬಾಯಿಪಾಠ ಹೇಳುತ್ತಿದ್ದ ಮನುಷ್ಯ! ಹತ್ತು ಗಂಟೆಗೆಲ್ಲ ಕುರ್ಚಿಯಲ್ಲೇ ತೂಕಡಿಕೆ. ವಯಸ್ಸೂ ಕಾರಣವಿದ್ದೀತು, ಎಲ್ಲವನ್ನೂ ಟೀವಿಯ ತಲೆಗೆ ಕಟ್ಟಲಾರೆ.

2025ರ ಜೂನ್ 3, ಬೆಂಗಳೂರು ತಂಡದ ಫೈನಲ್. ಮಂಗಳವಾರವಾದರೂ ಹೋಗಿದ್ದೆ. ಪಂಜಾಬಿನ ಆಟದ ಟೈಮ್ ಔಟಿಗೆ ಟೀವಿ ಕಿರುಚತೊಡಗಿತು. ಸಿಟ್ಟು ಬಂದು ರಿಮೋಟಿನಿಂದ ದನಿ ಪೂರ್ತಿ ಅಡಗಿಸಿದೆ. ಪಡಸಾಲೆ ಒಮ್ಮೆಲೆ ಸ್ತಬ್ಧ. ತೂಕಡಿಸುತ್ತಿದ್ದ ಅಪ್ಪ ಕಣ್ಣು ಬಿಟ್ಟರು. ಪರದೆಯನ್ನೇ ನೋಡುತ್ತ, "ರಿಟೈರ್ ಆದ ಮ್ಯಾಲ ಇಲ್ಲೇ ಬಂದಿರ್ತೀಯೇನವ್ವ?" ಎಂದರು.

"ಹೂಂ ಅಪ್ಪ" ಎಂದೆ.

ಬೆಂಗಳೂರು ಆರು ರನ್ನಿನಿಂದ ಗೆದ್ದಿತು. ದನಿಯನ್ನು ನಾನು ಮತ್ತೆ ಏರಿಸಲೇ ಇಲ್ಲ.